ಅಕ್ಷರ ನಿಂದೇ ಅಲ್ವಾ ಅಮ್ಮ?

ಅಮೆರಿಕದಲ್ಲಿ ನಾನು ಕಾನೂನು ಓದುತ್ತಿರುವ ಕಾಲೇಜಿನಲ್ಲಿ, ಕರಾರು ಕಾನೂನಿನ ಪರೀಕ್ಷೆಗೆ ಎರಡು ವಾರ ಇರುವಾಗ ನಮ್ಮ ಪ್ರಾಧ್ಯಾಪಕರು ನಿಯಮಗಳ ಹಾಳೆಯೊಂದನ್ನು ಹಂಚಿದರು. ಪುಸ್ತಕ ನೋಡಿ ಬರೆಯಬಹುದಾದ ಪರೀಕ್ಷೆಯೇ ಆದರೂ ಒಳಗೆ ಏನು ತರಬಹುದು, ಏನು ಕೂಡದು ಎಂಬುದಕ್ಕೇ ಇಡೀ ಪುಟ ಮೀಸಲಾಗಿತ್ತು. ಪಠ್ಯಪುಸ್ತಕ, ಶಾಸನಗಳ ಸಂಕಲನ, ಸ್ವಂತ ಟಿಪ್ಪಣಿ ತರಬಹುದು. ಅಂಗಡಿಯ ಗೈಡ್ ತರುವಂತಿಲ್ಲ, ಯಾರನ್ನೂ ಕೇಳುವಂತಿಲ್ಲ. ಉತ್ತರ ಬರೆಯುವ ತಂತ್ರಾಂಶವು ಲ್ಯಾಪ್‌ಟಾಪಿನ ಇಂಟರ್ನೆಟ್ಟನ್ನೂ ಉಳಿದ ಕಡತಗಳನ್ನೂ ಮುಚ್ಚಿಬಿಡುವುದರಿಂದ ಟಿಪ್ಪಣಿಗಳೆಲ್ಲ ಕಾಗದದ ಮೇಲೇ ಇರಬೇಕು. ಕೊನೆಯ ಸಾಲು ಹೀಗಿತ್ತು: ಟಿಪ್ಪಣಿ ನೀವೇ ಮಾಡಿದ್ದಾಗಿರಬೇಕು, ಇಲ್ಲವೇ ಅದರ ತಯಾರಿಯಲ್ಲಿ ನಿಮ್ಮ ಗಣನೀಯ ಪಾಲಿರಬೇಕು.

ಅದನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಾಗ ಒಂಬತ್ತು ವರ್ಷದ ಮಗಳು ಎದ್ದು ಹೋಗಿ, ತುಮಕೂರಿನಿಂದ ನಾನು ಹೊತ್ತು ತಂದಿದ್ದ ಉದ್ದನೆಯ ನೋಟ್ ಪುಸ್ತಕವನ್ನು ಮೇಜಿನ ಮೇಲಿಟ್ಟಳು.

“ಇದನ್ನೂ ತಗೊಂಡು ಹೋಗಮ್ಮ.”

“ಅದು ತಾತನದು ಕಂದ, ನಾನು ಮಾಡಿದ್ದಲ್ಲ.”

“ಅಕ್ಷರ ನಿಂದೇ ಅಲ್ವಾ ಅಮ್ಮ?”

ನನಗೆ ಉತ್ತರ ಹೊಳೆಯಲಿಲ್ಲ. ಅಕ್ಷರ ನನ್ನದೇ. ಅಪ್ಪ ತುಮಕೂರಿನ ವಕೀಲರೊಬ್ಬರ ಬಳಿ ಗುಮಾಸ್ತರಾಗಿದ್ದರು. ಕಣ್ಣು ಮಂಜಾಗತೊಡಗಿದ ಮೇಲೆ, ಸಂಜೆ ಮನೆಗೆ ಬಂದು ಕೈಕಾಲು ತೊಳೆದು, ಹೈಸ್ಕೂಲಿನಲ್ಲಿದ್ದ ನನ್ನನ್ನು ಕೂರಿಸಿಕೊಂಡು ಹೇಳಿ ಬರೆಸುತ್ತಿದ್ದರು. ಕಲಮಿನ ಸಂಖ್ಯೆ ಕೆಂಪು ಶಾಯಿಯಲ್ಲಿ, ಅದರ ಕೆಳಗೆ ನೀಲಿಯಲ್ಲಿ ಆ ಕಲಮು ಯಾರ ಬದುಕಿಗೆ ತಾಗಿತೆಂಬ ಎರಡು ಸಾಲು. 1872ರ ಭಾರತೀಯ ಕರಾರು ಕಾಯ್ದೆಯ 25ನೇ ಕಲಮಿನ ಕೆಳಗೆ ಹೀಗಿದೆ: “ಅಣ್ಣ ತಮ್ಮನಿಗೆ ಪ್ರೀತಿಯಿಂದ ಕೊಡುತ್ತೇನೆಂದದ್ದು. ಬರಹ ಇದೆ, ರಿಜಿಸ್ಟರ್ ಇಲ್ಲ. ನಿಲ್ಲಲಿಲ್ಲ.” ಪ್ರತಿಫಲವಿಲ್ಲದ, ಅಂದರೆ ಕೊಟ್ಟ ಮಾತಿಗೆ ಬದಲಾಗಿ ಏನೂ ಬಾರದ ಒಪ್ಪಂದ ಶೂನ್ಯ, ಆದರೆ ಹತ್ತಿರದ ಬಂಧುಗಳು ಸಹಜ ಪ್ರೀತಿ ವಾತ್ಸಲ್ಯದಿಂದ ಬರೆದು ನೋಂದಾಯಿಸಿದ್ದರೆ ಅದು ನಿಲ್ಲುತ್ತದೆ ಎಂಬುದು ನಮ್ಮ ಕಾಯ್ದೆ.

ಮುಂದೆ ಊರಿನಲ್ಲೇ ಕಾನೂನು ಓದುವಾಗ ಇದೇ ಕಲಮನ್ನು ಬಾಯಿಪಾಠ ಮಾಡಿ, ಅಲ್ಪವಿರಾಮವೂ ತಪ್ಪದಂತೆ ಪರೀಕ್ಷೆಯಲ್ಲಿ ಇಳಿಸಿದೆ, ಒಳ್ಳೆಯ ಅಂಕವೂ ಬಂತು. ಆ ಅಣ್ಣತಮ್ಮಂದಿರು ಒಮ್ಮೆಯೂ ನೆನಪಾಗಲಿಲ್ಲ, ಏಕೆಂದರೆ ಪ್ರಶ್ನೆಪತ್ರಿಕೆ ಅವರನ್ನು ಕೇಳಿರಲಿಲ್ಲ. ಇದು ನನ್ನನ್ನು ಈಗಲೂ ನೋಯಿಸುತ್ತದೆ. ವಕೀಲರಾಗುವವರಿಗೆ ಬಾರ್ ಕೌನ್ಸಿಲ್ ನಡೆಸುವ ಅಖಿಲ ಭಾರತ ಪರೀಕ್ಷೆಯಲ್ಲಿ ಟಿಪ್ಪಣಿಗಳಿಲ್ಲದ ಬೇರ್ ಆಕ್ಟ್, ಅಂದರೆ ಕಾಯ್ದೆಯ ಮೂಲಪಾಠವಷ್ಟೇ ಇರುವ ಪುಸ್ತಕ ಒಯ್ಯಲು ಅವಕಾಶವಿದೆ. ವೃತ್ತಿಯ ಹೊಸ್ತಿಲಲ್ಲಿ ಬೇಕಿಲ್ಲದ ಬಾಯಿಪಾಠಕ್ಕೆ ನಾವು ಕಾಲೇಜಿನಲ್ಲಿ ವರ್ಷಗಳನ್ನೇ ಸುರಿಯುತ್ತೇವೆ. 2024ರ ಜುಲೈ 1ರಂದು ಹಳೆಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು ಕೊಲೆಯ 302ನೇ ಕಲಮು 103 ಆದಾಗ, ಅಪ್ಪ ಫೋನಿನಲ್ಲಿ, “ನಂಬರ್ ಹೋದ್ರೆ ಹೋಗ್ಲಿ ಬಿಡಮ್ಮ, ಕೇಸು ಹೋಗಲ್ವಲ್ಲ” ಎಂದಿದ್ದರು.

ನೋಟ್ ಪುಸ್ತಕವನ್ನು ನಾನು ಒಯ್ಯಲಿಲ್ಲ. ಕೈಬರಹ ನನ್ನದಾದರೂ ಅದರೊಳಗಿನ ತಿಳಿವಳಿಕೆಯಲ್ಲಿ ಆಗ ನನಗೆ ಗಣನೀಯ ಪಾಲಿರಲಿಲ್ಲ, ಮತ್ತು ಆ ನಿಯಮ ನ್ಯಾಯವಾದದ್ದೆಂದು ನನಗೆ ಅನ್ನಿಸಿತು. ಬಣ್ಣದ ಚೀಟಿ ಅಂಟಿಸಿದ ನನ್ನದೇ ಮೂವತ್ತು ಪುಟಗಳೊಂದಿಗೆ ಹೋದೆ. ಸೋದರತ್ತೆಯೊಬ್ಬರು ಸೋದರಳಿಯನಿಗೆ ಬರೆದುಕೊಟ್ಟ ವಾಗ್ದಾನದ ಪ್ರಶ್ನೆ ಬಂದಿತ್ತು. ಇಲ್ಲಿ ವಾತ್ಸಲ್ಯವೊಂದೇ ಪ್ರತಿಫಲವಾಗುವುದಿಲ್ಲ. ಆದರೆ 21 ತುಂಬುವವರೆಗೆ ಕುಡಿತ, ತಂಬಾಕು, ಬೈಗುಳ, ಹಣವಿಟ್ಟಾಡುವ ಜೂಜು ಬಿಟ್ಟರೆ 5,000 ಡಾಲರ್ ಕೊಡುವೆನೆಂದ ಚಿಕ್ಕಪ್ಪನ ಮಾತನ್ನು, ಹುಡುಗ ತನಗಿದ್ದ ಹಕ್ಕನ್ನು ಬಿಟ್ಟುಕೊಟ್ಟನೆಂಬ ಕಾರಣಕ್ಕೆ, ನ್ಯೂಯಾರ್ಕಿನ ನ್ಯಾಯಾಲಯ 1891ರಲ್ಲಿ ಎತ್ತಿಹಿಡಿದಿತ್ತು. ಪ್ರಶ್ನೆಯಲ್ಲಿನ ಹುಡುಗ ಏನು ಬಿಟ್ಟುಕೊಟ್ಟ ಎಂದು ಹುಡುಕುತ್ತ ಬರೆದೆ. ಮೂರು ಗಂಟೆಯಲ್ಲಿ ಪುಸ್ತಕ ತೆರೆದದ್ದು ನಾಲ್ಕೇ ಸಲ.

ಎಲ್ಲರ ಪರೀಕ್ಷೆ ಮುಗಿದ ಮೇಲೆ ಅಪ್ಪನಿಗೆ ಪ್ರಶ್ನೆಯನ್ನು ಓದಿ ಹೇಳಿದೆ.

“ರಿಜಿಸ್ಟರ್ ಆಗಿತ್ತಾ?” ಎಂದು ಮೊದಲು ಕೇಳಿದರು. ಇಲ್ಲಿ ಅದನ್ನು ಕೇಳುವುದಿಲ್ಲವೆಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಬರ್ಕೊಳ್ಳಮ್ಮ, ಮರ್ತುಹೋಗುತ್ತೆ” ಎಂದರು.

ಮಗಳು ಆಗಲೇ ಕೆಂಪು ಪೆನ್ನು ಹಿಡಿದು ಕುಳಿತಿದ್ದಳು. 25ನೇ ಕಲಮಿನ ಪುಟದಲ್ಲಿ, ಅಣ್ಣತಮ್ಮಂದಿರ ಸಾಲಿನ ಕೆಳಗೆ, ತಾತ ಫೋನಿನಲ್ಲಿ ಹೇಳುತ್ತಿದ್ದಂತೆ ಅವಳು ಒತ್ತಕ್ಷರಗಳಿಗೆ ತಡವರಿಸುತ್ತ ಬರೆದಳು: “ಅಮೆರಿಕದಲ್ಲಿ ಪ್ರೀತಿ ಸಾಲದು.”