ಏಳು ಜನ, ಒಂದು ಹೈಕ್ರಾಸ್: ಬೆಂಗಳೂರಿನಿಂದ ತಲಕಾವೇರಿಗೆ ಹೊರಡುವ ಮನೆಮಂದಿಗೆ

ಬೆಂಗಳೂರಿನಿಂದ ಮಡಿಕೇರಿ ಸುಮಾರು 260 ಕಿಲೋಮೀಟರ್. ಅಲ್ಲಿಂದ ಭಾಗಮಂಡಲ ದಾಟಿ ತಲಕಾವೇರಿ ಇನ್ನೊಂದು 48. ಅಜ್ಜ ಅಜ್ಜಿ, ಮಕ್ಕಳು ಎಲ್ಲರೂ ಒಂದೇ ಗಾಡಿಯಲ್ಲಿ ಹೋಗಬೇಕೆಂದರೆ ಹಲವರು ಈಗ ನೋಡುವುದು ಟೊಯೋಟಾದ ಇನ್ನೋವಾ ಹೈಕ್ರಾಸ್ ಹೈಬ್ರಿಡ್. ಷೋರೂಮಿನಲ್ಲಿ ಕಣ್ಣು ಹೋಗುವುದು ಕಾಲು ಚಾಚುವ ಒಟ್ಟೋಮನ್ ಸೀಟು, ದೊಡ್ಡ ಸನ್‌ರೂಫ್, ಕ್ಯಾಮೆರಾಗಳ ಕಡೆಗೆ. ಈ ದಾರಿಯಲ್ಲಿ ಕೆಲಸಕ್ಕೆ ಬರುವುದು, ಕೈಕೊಡುವುದು ಬೇರೆಯೇ ಸಂಗತಿಗಳು.

ಮೊದಲು ಗಾಡಿಯಲ್ಲಿ ಬದಲಾಗಿದ್ದೇನು ಎಂಬುದು. 2005ರಲ್ಲಿ ಬಂದ ಇನ್ನೋವಾ, 2016ರ ಕ್ರಿಸ್ಟಾ ಎರಡೂ ಲಾರಿಯಂತೆ ಚಾಸಿ ಮೇಲೆ ಬಾಡಿ ಕೂರಿಸಿದ, ಇಂಜಿನ್ ಬಲ ಹಿಂದಿನ ಚಕ್ರಕ್ಕೆ ಹೋಗುವ ಗಾಡಿಗಳು. 2022ರ ನವೆಂಬರ್‌ನಲ್ಲಿ ಅನಾವರಣವಾದ ಹೈಕ್ರಾಸ್‌ನಲ್ಲಿ ಚಾಸಿ ಬಾಡಿ ಎರಡೂ ಒಂದೇ, ಬಲ ಹೋಗುವುದು ಮುಂದಿನ ಚಕ್ರಕ್ಕೆ, ಡೀಸೆಲ್ ಇಲ್ಲವೇ ಇಲ್ಲ. ಚಕ್ರದಿಂದ ಚಕ್ರಕ್ಕೆ ಇರುವ ಉದ್ದ ಕ್ರಿಸ್ಟಾದ 2,750 ಮಿಲಿಮೀಟರಿನಿಂದ 2,850ಕ್ಕೆ ಹೋಗಿದೆ. ಆ 100 ಮಿಲಿಮೀಟರಿನ ಲಾಭ ಕೊನೆಯ ಸಾಲಿನವರ ಮೊಣಕಾಲಿಗೆ ಗೊತ್ತಾಗುತ್ತದೆ. 2.0 ಲೀಟರ್ ಪೆಟ್ರೋಲ್ ಇಂಜಿನ್ ಎರಡು ಬಗೆಯಲ್ಲಿ ಸಿಗುತ್ತದೆ. ಬರೀ ಪೆಟ್ರೋಲ್ ಒಂದು, ಬ್ಯಾಟರಿಯಿಂದ ಓಡುವ ವಿದ್ಯುತ್ ಮೋಟಾರ್ ಜೊತೆಗಿನ ಹೈಬ್ರಿಡ್ ಇನ್ನೊಂದು. ಕಂಪನಿ ಹೇಳುವ ಮೈಲೇಜ್ ಹೈಬ್ರಿಡ್‌ಗೆ 23.24, ಬರೀ ಪೆಟ್ರೋಲಿಗೆ 16.13. 2024ರಲ್ಲಿ ಬರೀ ಪೆಟ್ರೋಲಿನಲ್ಲಿ ಜಿಎಕ್ಸ್ ಆಪ್ಷನಲ್ ಎಂಬ ವೇರಿಯಂಟ್ ಸೇರಿತು. 2025ರಲ್ಲಿ ಗಾಡಿಯನ್ನು ಗುದ್ದಿಸಿ ಸುರಕ್ಷತೆ ಅಳೆಯುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರ ಮತ್ತು ಮಕ್ಕಳ ಸುರಕ್ಷತೆ ಎರಡಕ್ಕೂ ಐದು ನಕ್ಷತ್ರ ಬಂತು. ಮನೆಮಂದಿಯೆಲ್ಲ ಕೂರುವ ಗಾಡಿಗೆ ಇದಕ್ಕಿಂತ ದೊಡ್ಡ ಸುದ್ದಿ ಬೇರೆ ಇಲ್ಲ.

ಈ ಪ್ರಯಾಣಕ್ಕೆ ಯಾವ ವೇರಿಯಂಟ್ ಎಂದರೆ ನಮ್ಮ ಮಾತು ನೇರ: ವಿಎಕ್ಸ್ ಹೈಬ್ರಿಡ್, ಅದರಲ್ಲೂ ಎಂಟು ಸೀಟಿನದು. ಮೇಲಿನ ಝಡ್‌ಎಕ್ಸ್‌ನಲ್ಲಿ ಒಟ್ಟೋಮನ್ ಸೀಟು ಇರುತ್ತದೆ, ಆದರೆ ಹಿಂದಿನ ಸಾಲಿನಲ್ಲಿ ಜನ ಕೂತಿರುವಾಗ ಅದನ್ನು ಪೂರ್ತಿ ಚಾಚಲು ಜಾಗವಿರುವುದಿಲ್ಲ. ನಾಲ್ಕು ಜನ ಹೋಗುವಾಗ ಅದು ರಾಜಭೋಗ, ಏಳು ಜನ ಹೋಗುವಾಗ ಮಾಮೂಲಿ ಕುರ್ಚಿ. ಇನ್ನೊಂದು ಕಾರಣ ಟೈರು. ಝಡ್‌ಎಕ್ಸ್‌ಗೆ 18 ಇಂಚಿನ, ತೆಳು ಪಕ್ಕದ 225/50 ಟೈರು. ವಿಎಕ್ಸ್‌ಗೆ 16 ಇಂಚಿನ 205/65. ಮಳೆಗಾಲ ಕಳೆದ ಮೇಲೆ ಮಡಿಕೇರಿ ಆಚೆಯ ರಸ್ತೆಯಂಚು ಕಿತ್ತು ಹೋಗಿರುತ್ತದೆ. ಆ ಚೂಪು ಅಂಚಿಗೆ ತೆಳು ಟೈರು ಬಡಿದರೆ ಪಕ್ಕದ ಗೋಡೆ ಉಬ್ಬುತ್ತದೆ, ರಿಮ್ ಬಾಗುತ್ತದೆ. ದಪ್ಪ ಪಕ್ಕದ ಟೈರು ಅದೇ ಏಟನ್ನು ನುಂಗಿಕೊಳ್ಳುತ್ತದೆ.

ಹೊರಡುವ ಹಿಂದಿನ ದಿನ ಮಾಡುವ ಕೆಲಸದಲ್ಲಿ ಲಗೇಜೇ ಮುಖ್ಯ. ಮೂರೂ ಸಾಲು ಎತ್ತಿಟ್ಟಾಗ ಡಿಕ್ಕಿಯಲ್ಲಿ ಉಳಿಯುವುದು 300 ಲೀಟರ್. ಕೊನೆಯ ಸಾಲು ಮಡಚಿದರೆ 991 ಆಗುತ್ತದೆ, ಆದರೆ ಏಳು ಜನ ಇರುವಾಗ ಆ ಲೆಕ್ಕ ನಮಗಲ್ಲ. 300 ಲೀಟರಿಗೆ ವಿಮಾನದೊಳಗೆ ಒಯ್ಯುವ ಅಳತೆಯ ಎರಡು ಗಾಲಿ ಪೆಟ್ಟಿಗೆ ನೆಟ್ಟಗೆ ನಿಲ್ಲಿಸಿ, ಮೇಲೂ ಸಂದಿಯಲ್ಲೂ ಮೂರು ನಾಲ್ಕು ಬಟ್ಟೆ ಬ್ಯಾಗ್ ತುರುಕಬಹುದು, ಅಷ್ಟೇ. ದೊಡ್ಡ ಗಟ್ಟಿ ಸೂಟ್‌ಕೇಸ್ ಒಂದು ಬಂದರೂ ಲೆಕ್ಕ ತಪ್ಪುತ್ತದೆ. ಆದ್ದರಿಂದ ತಲೆಗೊಂದು ಮೆತ್ತನೆಯ ಬ್ಯಾಗ್ ಎಂದು ಮನೆಯಲ್ಲೇ ಹೇಳಿಬಿಡಿ. ಸಾಮಾನು ಕೊನೆಯ ಸೀಟಿನ ಬೆನ್ನಿಗಿಂತ ಮೇಲೆ ಹೋಗಬಾರದು. ಜೋರಾಗಿ ಬ್ರೇಕ್ ಹಾಕಿದರೆ ಅದು ಬಂದು ಬೀಳುವುದು ಹಿಂದೆ ಕೂತವರ ಕುತ್ತಿಗೆ ಮೇಲೆ.

ಟೈರಿನ ಗಾಳಿಯನ್ನು ಬೆಳಿಗ್ಗೆ ಗಾಡಿ ತಣ್ಣಗಿರುವಾಗಲೇ ನೋಡಿಸಿ. ಚಾಲಕನ ಬಾಗಿಲ ಕಂಬದ ಸ್ಟಿಕ್ಕರಿನಲ್ಲಿ ಇರುವ ಅಂಕಿಯೇ ಅಂತಿಮ, ಬಂಕಿನವರ ಅಂದಾಜಲ್ಲ. ಸ್ಪೇರ್ ಚಕ್ರದ ಗಾಳಿಯನ್ನೂ ನೋಡಿಸಿ, ಅದರ ಅಳತೆ ಉಳಿದ ನಾಲ್ಕರಂತೆಯೇ ಇದೆಯೇ ಎಂದು ಓದಿಕೊಳ್ಳಿ. ಬೇರೆ ಅಳತೆಯದಾಗಿದ್ದರೆ ಅದು ಪಂಕ್ಚರ್ ಅಂಗಡಿಯವರೆಗೆ ಮಾತ್ರ, ಊರು ಮುಟ್ಟುವವರೆಗೆ ಅಲ್ಲ.

ಟ್ಯಾಂಕ್ ಹಿಡಿಯುವುದು 52 ಲೀಟರ್. ಏಳು ಜನ, ಎಸಿ, ಏರುದಾರಿ ಎಲ್ಲ ಸೇರಿದರೆ ಲೀಟರಿಗೆ 15 ಎಂದು ಲೆಕ್ಕ ಇಟ್ಟುಕೊಂಡು ಹೊರಡಿ. ಹೆಚ್ಚು ಬಂದರೆ ಸಂತೋಷ. ಹೋಗಿ ಬರಲು, ಅಲ್ಲಿ ಸುತ್ತಲು 650ರಿಂದ 700 ಕಿಲೋಮೀಟರ್ ಆಗುತ್ತದೆ. ಲೆಕ್ಕಕ್ಕೆ ಒಂದು ಟ್ಯಾಂಕ್ 780 ಕಿಲೋಮೀಟರ್ ಬರುತ್ತದೆ, ಆದರೆ ಉಳಿಯುವುದು ಸ್ವಲ್ಪವೇ, ಹಾಗಾಗಿ ಒಂದೇ ಟ್ಯಾಂಕಿನಲ್ಲಿ ಮುಗಿಸುವ ಆಸೆ ಬೇಡ. ಹೋಗುವಾಗಲೇ ಕುಶಾಲನಗರದಲ್ಲಿ ಮತ್ತೆ ತುಂಬಿಸಿಕೊಂಡರೆ ಬೆಟ್ಟದ ಮೇಲೆ ಬಂಕ್ ಹುಡುಕುವ ಕೆಲಸ ತಪ್ಪುತ್ತದೆ.

ಬೆಂಗಳೂರು ಮೈಸೂರು ದಶಪಥ ಸುಮಾರು 118 ಕಿಲೋಮೀಟರ್. ವೇಗದ ಮಿತಿ 100, ಕ್ಯಾಮೆರಾಗಳು ಉದ್ದಕ್ಕೂ ಇವೆ. ಬಿಡದಿ ಹತ್ತಿರ ಒಂದು, ಶ್ರೀರಂಗಪಟ್ಟಣದ ಬಳಿ ಗಣಂಗೂರಿನಲ್ಲಿ ಒಂದು, ಹೀಗೆ ಒಂದು ದಿಕ್ಕಿಗೆ ಎರಡು ಟೋಲ್. ಸ್ವಂತ ಕಾರಿಗೆ 2025ರ ಆಗಸ್ಟ್ 15ರಿಂದ 200 ಸಲ ದಾಟುವ ವಾರ್ಷಿಕ ಫಾಸ್ಟ್ಯಾಗ್ ಪಾಸ್ ಬಂದಿದೆ (ಶುರುವಿನಲ್ಲಿ ಬೆಲೆ 3,000 ರೂಪಾಯಿ ಇತ್ತು), ಈ ದಾರಿಗೂ ನಡೆಯುತ್ತದೆ. ವರ್ಷಕ್ಕೆ ನಾಲ್ಕಾರು ಸಲ ಊರಿಗೆ ಹೋಗುವವರು ಮಾಡಿಸಿಕೊಳ್ಳುವುದು ಒಳ್ಳೆಯದು.

ಮುಖ್ಯ ಪಥದ ಪಕ್ಕದಲ್ಲೇ ಹೋಟೆಲ್, ಶೌಚಾಲಯ ಸಿಗುತ್ತದೆಂದು ನಂಬಬೇಡಿ. ವಯಸ್ಸಾದವರು, ಮಕ್ಕಳು ಇದ್ದರೆ ಎಲ್ಲಿ ಕೆಳಗಿಳಿಯುವುದು ಎಂದು ಮೊದಲೇ ತೀರ್ಮಾನಿಸಿ. ಬೆಳಿಗ್ಗೆ ಆರಕ್ಕೆ ಹೊರಟರೆ ಬಿಡದಿಯ ತಟ್ಟೆ ಇಡ್ಲಿಯೇ ಸರಿ. ಎಣ್ಣೆಯಿಲ್ಲದ ತಿಂಡಿ ಮುಂದಿನ ತಿರುವುಗಳಿಗೂ ಒಳ್ಳೆಯದು. ಮದ್ದೂರು ವಡೆಯನ್ನು ವಾಪಸು ಬರುವಾಗ ತಿನ್ನಿ. ಅಂದ ಹಾಗೆ ನೀವು ಕೂತಿರುವ ಗಾಡಿ ತಯಾರಾಗುವುದೂ ಇದೇ ಬಿಡದಿಯ ಕಾರ್ಖಾನೆಯಲ್ಲಿ. ಕ್ವಾಲಿಸ್ ಕಾಲದಿಂದಲೂ ಅಲ್ಲಿಂದಲೇ ಹೊರಬರುತ್ತಿವೆ.

ಹೈಬ್ರಿಡ್ ಬಗ್ಗೆ ಬಹಳ ಜನ ತಪ್ಪು ತಿಳಿಯುವುದು ಈ ದಶಪಥದಲ್ಲೇ. ಬ್ರೇಕ್ ಹಾಕಿದಾಗ ಮೋಟಾರ್ ಕರೆಂಟ್ ತಯಾರಿಸಿ ಬ್ಯಾಟರಿಗೆ ತುಂಬುತ್ತದೆ. ಗಂಟೆಗೆ 100ರಲ್ಲಿ ಒಂದೇ ಸಮನೆ ಓಡುವಾಗ ಬ್ರೇಕ್ ಹಾಕುವುದೇ ಇಲ್ಲ, ಹಾಗಾಗಿ ಬ್ಯಾಟರಿಗೆ ಬಿಟ್ಟಿ ಕರೆಂಟೂ ಇಲ್ಲ. ಅಲ್ಲಿ ಮೈಲೇಜ್ ಕಡಿಮೆ ತೋರಿಸಿದರೆ ಗಾಡಿ ಕೆಟ್ಟಿದೆ ಎಂದಲ್ಲ. 100ರಿಂದ 85ಕ್ಕೆ ಇಳಿಸಿ ನೋಡಿ, ಮೀಟರಿನ ಅಂಕಿ ಮೇಲೇರುವುದು ಕಾಣುತ್ತದೆ. ತಾನಾಗಿ ವೇಗ ಹಿಡಿದು ಬಿಡುವ ರೇಡಾರ್ ಕ್ರೂಸ್, ಲೇನಿನಲ್ಲಿ ಇರಿಸುವ ನೆರವು ಇವೆಲ್ಲ ಇರುವುದು ಝಡ್‌ಎಕ್ಸ್ ಆಪ್ಷನಲ್‌ನಲ್ಲಿ. ದಶಪಥಕ್ಕೆ ಅವು ಹೊಂದುತ್ತವೆ. ಮೈಸೂರು ದಾಟಿದ ಕೂಡಲೇ ಆಫ್ ಮಾಡಿ. ಎದುರಿನಿಂದ ಓವರ್‌ಟೇಕ್ ಮಾಡಿ ಬರುವ ಬಸ್ಸು, ರಸ್ತೆಗೆ ನುಗ್ಗುವ ದನ ಇವಕ್ಕೆ ಆ ವ್ಯವಸ್ಥೆಯನ್ನು ನಂಬಿ ಕೂರುವಂತಿಲ್ಲ.

ಮೈಸೂರಿನೊಳಗೆ ಹೋಗಬೇಡಿ. ರಿಂಗ್ ರಸ್ತೆ ಹಿಡಿದು ಹಿನಕಲ್ ಬಳಿ ಹುಣಸೂರು ರಸ್ತೆಗೆ ತಿರುಗಿ. ಇಲ್ಲಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್. ಇದರಲ್ಲಿ ಕುಶಾಲನಗರದವರೆಗಿನ ದಾರಿಯನ್ನು ನಾಲ್ಕು ಪಥ ಮಾಡುವ ಕೆಲಸಕ್ಕೆ 2023ರ ಮಾರ್ಚ್ 12ರಂದು, ದಶಪಥದ ಉದ್ಘಾಟನೆಯ ದಿನವೇ, ಶಂಕುಸ್ಥಾಪನೆಯಾಯಿತು. ಕಾಮಗಾರಿಯ ಅಡ್ಡದಾರಿ, ಜಲ್ಲಿ, ದೂಳು ಇರಬಹುದೆಂದು ಅರ್ಧ ಗಂಟೆ ಹೆಚ್ಚು ಇಟ್ಟುಕೊಳ್ಳಿ.

ಕುಶಾಲನಗರದಲ್ಲಿ ಒಮ್ಮೆ ಎಲ್ಲರನ್ನೂ ಇಳಿಸಿ ಸೀಟು ಬದಲಿಸಿ. ಇದನ್ನು ದಯವಿಟ್ಟು ಬಿಡಬೇಡಿ. ಕೊನೆಯ ಸಾಲು ಹಿಂದಿನ ಚಕ್ರದ ನೆತ್ತಿಯ ಮೇಲಿದೆ. ತಿರುವಿನಲ್ಲಿ ಎಲ್ಲರಿಗಿಂತ ಹೆಚ್ಚು ಓಲಾಡುವುದು ಅಲ್ಲಿ ಕೂತವರು, ಹೊರಗೆ ದೂರಕ್ಕೆ ಕಣ್ಣು ಹಾಯುವುದೂ ಅವರಿಗೆ ಕಷ್ಟ. ಹೊಟ್ಟೆ ತೊಳಸುವ ಮಕ್ಕಳನ್ನು ಮಧ್ಯದ ಸಾಲಿಗೆ ತನ್ನಿ, ಗಟ್ಟಿ ಹೊಟ್ಟೆಯ ದೊಡ್ಡವರು ಹಿಂದೆ ಹೋಗಲಿ. ಮೊಣಕಾಲು ನೋವಿರುವ ಅಜ್ಜಿಯನ್ನು ಮಾತ್ರ ಯಾವ ಕಾರಣಕ್ಕೂ ಕೊನೆಯ ಸಾಲಿಗೆ ಹತ್ತಿಸಬೇಡಿ. ಸೀಟು ಮುಂದೆ ಜಾರಿಸಿದರೂ ಸೊಂಟ ಬಗ್ಗಿಸಿಯೇ ಒಳಗೆ ಹೋಗಬೇಕು.

ಕುಶಾಲನಗರದಿಂದ ಸುಂಟಿಕೊಪ್ಪ ಹಾದು ಮಡಿಕೇರಿಗೆ 30 ಕಿಲೋಮೀಟರ್ ಏರು. ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ಒಂದೇ ಸ್ವರದಲ್ಲಿ ಕೂಗುತ್ತದೆ, ವೇಗ ನಿಧಾನಕ್ಕೆ ಬರುತ್ತದೆ. ಡೀಸೆಲ್ ಕ್ರಿಸ್ಟಾ ಓಡಿಸಿದವರಿಗೆ ಇದು ಕಿರಿಕಿರಿ. ಗೇರ್ ಬದಲಾಗುವ ಗಾಡಿ ಇದಲ್ಲ, ಆ ಕೂಗು ಸಹಜ. ಕಾಲನ್ನು ಹಗುರ ಮಾಡಿ ಒಂದೇ ಹದದಲ್ಲಿ ಹಿಡಿದರೆ ಸದ್ದೂ ಇಳಿಯುತ್ತದೆ. ಮಡಿಕೇರಿ ಪೇಟೆಯ ಟ್ರಾಫಿಕ್‌ನಲ್ಲಿ ನಿಂತಾಗ ಲಿವರನ್ನು ನ್ಯೂಟ್ರಲ್‌ಗೆ ತರುವ ಅಭ್ಯಾಸ ಬಿಡಿ. ನ್ಯೂಟ್ರಲ್‌ನಲ್ಲಿ ಹೈಬ್ರಿಡ್ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಎಸಿ ಅದನ್ನು ಹೀರುತ್ತಲೇ ಇರುತ್ತದೆ. ಲಿವರ್ ‘ಡಿ’ಯಲ್ಲಿ (ಡ್ರೈವ್) ಇರುವಾಗಲೇ ಬ್ರೇಕ್ ಒತ್ತಿ ಹಿಡಿಯಿರಿ, ಬಹಳ ಹೊತ್ತಾದರೆ ‘ಪಿ’ಗೆ (ಪಾರ್ಕ್) ಹಾಕಿ.

ಅಸಲಿ ಪರೀಕ್ಷೆ ಹೋಂಸ್ಟೇ ದಾರಿಯದ್ದು. ಟಾರು ರಸ್ತೆ ಬಿಟ್ಟು ತೋಟದೊಳಗೆ ತಿರುಗಿದರೆ ಕಡಿದಾದ ಏರು, ಪಾಚಿ ಹಿಡಿದ ಕಾಂಕ್ರೀಟ್ ಪಟ್ಟಿ, ನಡುವೆ ಹುಲ್ಲು. ಏಳು ಜನ ಕೂತು ಡಿಕ್ಕಿ ತುಂಬಿರುವಾಗ ಏರಿನಲ್ಲಿ ಭಾರವೆಲ್ಲ ಹಿಂದಕ್ಕೆ ವಾಲುತ್ತದೆ, ಮುಂದಿನ ಚಕ್ರ ಹಗುರಾಗಿ ಸುತ್ತುತ್ತದೆ. ಬಲ ಹಿಂದಿನ ಚಕ್ರಕ್ಕೆ ಹೋಗುವ ಹಳೆಯ ಇನ್ನೋವಾದಲ್ಲಿ ಅದೇ ಭಾರ ಸಹಾಯಕ್ಕೆ ಬರುತ್ತಿತ್ತು, ಇಲ್ಲಿ ಎದುರು ನಿಲ್ಲುತ್ತದೆ. ಏರಿನ ಬುಡದಲ್ಲೇ ಹಿಂದಿನ ಸಾಲಿನವರನ್ನು ಇಳಿಸಿ, ನಿಲ್ಲದೆ, ಕಾಲು ಜೋರು ಮಾಡದೆ ಒಂದೇ ಓಟಕ್ಕೆ ಹತ್ತಿಸಿ. ಕೆಸರಿನಲ್ಲಿ ಸಿಕ್ಕಿಕೊಂಡರೆ, ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಇಂಜಿನ್ ಶಕ್ತಿಯನ್ನು ಕಡಿತ ಮಾಡಿ ಗಾಡಿಯನ್ನು ಅಲ್ಲೇ ಕೂರಿಸುತ್ತದೆ. ಬಟನ್ ಒತ್ತಿ ಅದನ್ನು ತಾತ್ಕಾಲಿಕವಾಗಿ ತೆಗೆದು, ಹೊರಬಂದ ಮೇಲೆ ಮತ್ತೆ ಹಾಕಿ.

ಇನ್ನೊಂದು, ಇದನ್ನು ಮಾರುವವರು ಹೇಳುವುದು ಅಪರೂಪ. ಈ ಹೈಬ್ರಿಡ್ ರಿವರ್ಸ್‌ನಲ್ಲಿ ಓಡುವುದು ಮೋಟಾರಿನ ಬಲದಿಂದ ಮಾತ್ರ, ಇಂಜಿನ್ ಚಕ್ರಕ್ಕೆ ಕೈಹಾಕುವುದಿಲ್ಲ. ಭಾರ ತುಂಬಿಕೊಂಡು ಕಡಿದಾದ ಏರನ್ನು ಹಿಮ್ಮುಖವಾಗಿ ಹತ್ತಿಸಹೋದರೆ ಗಾಡಿ ಅರ್ಧದಲ್ಲಿ ನಿಂತುಬಿಡಬಹುದು. ಗೇಟಿನೊಳಗೆ ಏರು ಇದ್ದರೆ ಮೂತಿ ಮುಂದಾಗಿಯೇ ಹೋಗಿ, ಹೊರಡುವಾಗ ಹಿಮ್ಮುಖವಾಗಿ ಇಳಿಯಿರಿ. ಬುಕ್ ಮಾಡುವ ಮುನ್ನ ಹೋಂಸ್ಟೇಯವರಿಗೆ ಫೋನ್ ಮಾಡಿ, “ಮಳೆ ಬಂದ ಮರುದಿನ ಆಲ್ಟೋ ತುಂಬ ಜನ ಕೂತು ಮೇಲೆ ಹತ್ತುತ್ತದೆಯಾ?” ಎಂದು ಕೇಳಿ. “ಜೀಪ್ ಕಳಿಸ್ತೀವಿ ಬಿಡಿ” ಎಂಬ ಉತ್ತರ ಬಂದರೆ ವಿಷಯ ಅರ್ಥವಾಯಿತಲ್ಲ.

ರಾತ್ರಿ ಡಿಕ್ಕಿ ಬಾಗಿಲು ತೆರೆದಿಟ್ಟು ಒಳಗಿನ ದೀಪದಲ್ಲಿ ಮಾತಾಡುತ್ತ ಕೂರುವುದು, ಹಾಡು ಹಾಕುವುದು ಬೇಡ. ಹೈಬ್ರಿಡ್ ಬ್ಯಾಟರಿ ಎಷ್ಟೇ ತುಂಬಿರಲಿ, ಗಾಡಿ ಎಚ್ಚರಗೊಳ್ಳಲು ಬೇಕಾದದ್ದು ಬೇರೆಯಾಗಿರುವ ಸಣ್ಣ 12 ವೋಲ್ಟ್ ಬ್ಯಾಟರಿ. ಅದು ಬರಿದಾದರೆ ಬೆಳಿಗ್ಗೆ ಬಟನ್ ಒತ್ತಿದರೂ ಮೀಟರಿನಲ್ಲಿ ‘ರೆಡಿ’ ದೀಪ ಬರುವುದಿಲ್ಲ. ಜಂಪರ್ ಕೇಬಲ್ ಒಂದು ಗಾಡಿಯಲ್ಲಿರಲಿ. ಇದೇ ‘ರೆಡಿ’ ದೀಪದ ಬಗ್ಗೆ ಇನ್ನೂ ಒಂದು ಎಚ್ಚರ: ಸದ್ದಿಲ್ಲ ಎಂದ ಮಾತ್ರಕ್ಕೆ ಗಾಡಿ ಆಫ್ ಆಗಿದೆ ಎಂದಲ್ಲ. ಹಸಿರು ಅಕ್ಷರ ಹೊತ್ತಿರುವಾಗ ಮಕ್ಕಳನ್ನು ಒಳಗೆ ಬಿಟ್ಟು ಇಳಿಯಬೇಡಿ.

ಮಾಂದಲಪಟ್ಟಿ ಬೆಟ್ಟಕ್ಕೆ ಈ ಗಾಡಿ ಒಯ್ಯಬೇಡಿ, ಮಡಿಕೇರಿಯಿಂದ ಬಾಡಿಗೆ ಜೀಪ್ ಹಿಡಿಯಿರಿ. ತಲಕಾವೇರಿಗೆ ಧಾರಾಳವಾಗಿ ಒಯ್ಯಬಹುದು. ಭಾಗಮಂಡಲದಿಂದ ಕೊನೆಯ 8 ಕಿಲೋಮೀಟರ್ ಕಡಿದು, ಆದರೆ ಟಾರು ರಸ್ತೆ. ಮಂಜು ಕವಿದಾಗ ಹೈಬೀಮ್ ಹಾಕಿದರೆ ಕಣ್ಣ ಮುಂದೆ ಬಿಳಿ ಗೋಡೆ ನಿಲ್ಲುತ್ತದೆ. ಲೋಬೀಮ್, ಫಾಗ್ ಲ್ಯಾಂಪ್ ಸಾಕು.

ಇಳಿಯುವಾಗ ಗಮನ ಬೇಕು. ಜನ, ಲಗೇಜು ಸೇರಿ ಸುಮಾರು 2,200 ಕೆಜಿ ಇರುವ ಗಾಡಿ 100 ಮೀಟರ್ ಕೆಳಗಿಳಿದರೆ ಹೊರಬರುವ ಶಕ್ತಿ 0.6 ಯೂನಿಟ್ ಕರೆಂಟಿಗೆ ಸಮ. ತಲಕಾವೇರಿಯಿಂದ ಭಾಗಮಂಡಲಕ್ಕೆ ಇಳಿಯುವ ಎತ್ತರ 300 ಮೀಟರಿಗೂ ಹೆಚ್ಚು, ಗಾಡಿಯ ಬ್ಯಾಟರಿ ಹಿಡಿಯುವುದು 2 ಯೂನಿಟ್‌ಗೂ ಕಡಿಮೆ, ಅದೂ ಬೆಟ್ಟದ ಮೇಲೆ ಖಾಲಿಯಾಗಿರುವುದಿಲ್ಲ. ಹೀಗಾಗಿ ಅರ್ಧ ಇಳಿಯುವಷ್ಟರಲ್ಲೇ ಬ್ಯಾಟರಿ ತುಂಬಿ ಮೋಟಾರಿನ ಹಿಡಿತ ಸಡಿಲಾಗುತ್ತದೆ, ಆಕ್ಸಿಲರೇಟರ್ ಮುಟ್ಟದಿದ್ದರೂ ಇಂಜಿನ್ ಜೋರಾಗಿ ತಿರುಗತೊಡಗುತ್ತದೆ. ಅದು ದೋಷವಲ್ಲ, ಗಾಡಿಯೇ ಇಂಜಿನ್ನನ್ನು ಬ್ರೇಕಿನಂತೆ ಬಳಸುತ್ತಿದೆ. ನೀವು ಮಾಡಬೇಕಾದದ್ದು ಇಳಿಜಾರಿನ ನೆತ್ತಿಯಲ್ಲೇ ಲಿವರನ್ನು ಇಂಜಿನ್ ಬ್ರೇಕಿಂಗ್ ಸ್ಥಾನಕ್ಕೆ ತಂದು, ಕಾಲಿನ ಬ್ರೇಕನ್ನು ಬಿಟ್ಟು ಬಿಟ್ಟು ಒತ್ತುವುದು. ಒತ್ತಿಯೇ ಹಿಡಿದರೆ ಡಿಸ್ಕ್ ಕಾಯ್ದು ಸುಟ್ಟ ವಾಸನೆ ಬರುತ್ತದೆ. ಬಂದರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ 20 ನಿಮಿಷ ಆರಲು ಬಿಡಿ, ಚಕ್ರಕ್ಕೆ ನೀರು ಮಾತ್ರ ಸುರಿಯಬೇಡಿ, ಡಿಸ್ಕ್ ಸೊಟ್ಟಗಾಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏಳು ಜನರ ಪ್ರವಾಸ ಬೇಡ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲೇ ಗುಡ್ಡ ಕುಸಿದಿದೆ. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣದ ದಿನ ತೀರ್ಥೋದ್ಭವಕ್ಕೆ ಹೋಗುವವರು ಗಾಡಿಯನ್ನು ಭಾಗಮಂಡಲದಲ್ಲೇ ಬಿಟ್ಟು ಮುಂದೆ ಹೋಗುವ ಲೆಕ್ಕದಲ್ಲಿರಿ. ನವೆಂಬರ್‌ನಿಂದ ಫೆಬ್ರುವರಿ ಹಿತವಾದ ಕಾಲ.

ವಾಪಸಾಗುವಾಗ ಭಾನುವಾರ ಸಂಜೆ ಬಿಡದಿಯಿಂದ ಕೆಂಗೇರಿವರೆಗೆ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತವೆ. ಮಧ್ಯಾಹ್ನ ಒಂದರೊಳಗೆ ಮಡಿಕೇರಿ ಬಿಟ್ಟರೆ ಅದು ತಪ್ಪುತ್ತದೆ. ತಪ್ಪದಿದ್ದರೂ ಪೆಟ್ರೋಲಿನ ಚಿಂತೆ ಇಲ್ಲ, ತೆವಳುವ ಟ್ರಾಫಿಕ್‌ನಲ್ಲೇ ಹೈಬ್ರಿಡ್ ತನ್ನ ಬೆಲೆ ತೀರಿಸುವುದು. ಕೆಂಗೇರಿ ಬರುವ ಮುನ್ನ ಟ್ರಿಪ್ ಮೀಟರನ್ನು ಸೊನ್ನೆ ಮಾಡಿ ಮನೆವರೆಗಿನ ಅಂಕಿಯನ್ನು ದಶಪಥದ ಅಂಕಿಯ ಪಕ್ಕದಲ್ಲಿಟ್ಟು ನೋಡಿ.