ಗಿರಾಕಿ ಲೇಸರ್ ಹಿಡ್ಕೊಂಡು ಬರ್ತಾರಾ?

ಸೋಮವಾರ ಸಂಜೆಯಿಂದ ಈ ಮಾತು ತಲೆಯಿಂದ ಹೋಗುತ್ತಿಲ್ಲ. ಬೈಕಿನಲ್ಲಿ ಹೋಗುವಾಗಲೂ ಅದೇ, ಊಟಕ್ಕೆ ಕೂತರೂ ಅದೇ. ಹೇಳಿದವರು ಎಪ್ಪತ್ತು ದಾಟಿದ ಒಬ್ಬ ಹಾಜಿಯವರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಕೊಡೆಯ ತುದಿಯಿಂದ ಮೇಲೆ ತೋರಿಸಿ, "ಇದು ಓರೆ ಉಂಟಲ್ಲ ಮಾರಾಯ" ಅಂದರು.

ನಾನು ಲೈಟು ಕೂರಿಸುತ್ತಾ ಏಣಿಯ ಮೇಲಿದ್ದೆ. ಮೂರು ದಿನದಿಂದ ಅದೇ ಏಣಿಯ ಮೇಲಿದ್ದೆ. ಕುತ್ತಿಗೆ ಹಿಂದಕ್ಕೆ ಬಾಗಿ ಬಾಗಿ ರಾತ್ರಿ ಮಲಗಿದರೂ ಸೀಲಿಂಗೇ ಕಾಣುತ್ತಿತ್ತು. ಆ ಹೊತ್ತಿಗೆ ಯಾರಾದರೂ ಬಂದು ಓರೆ ಅಂದರೆ ಹೇಗಿರುತ್ತದೆ ಅಂತ ಈ ಕೆಲಸ ಮಾಡಿದವರಿಗೆ ಹೇಳಬೇಕಾಗಿಲ್ಲ.

ಕಾಸರಗೋಡಿನ ಹೊಸ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಆಚೆ ಬಟ್ಟೆ ಅಂಗಡಿ. ಹಳೆಯದು ಸಣ್ಣದಿತ್ತು. ಹಾಜಿಯವರ ಮಗ ಗಲ್ಫಿನಿಂದ ವಾಪಸು ಬಂದು ಹೊಸ ಕಟ್ಟಡದಲ್ಲಿ ದೊಡ್ಡದು ಮಾಡುತ್ತಿದ್ದಾನೆ. ಮಂಗಳೂರಿನ ಡಿಸೈನರ್ ಕೊಟ್ಟ ಡ್ರಾಯಿಂಗಿನಲ್ಲಿ ಸೀಲಿಂಗಿನಿಂದ ಒಂದು ಅಡಿ ಕೆಳಗೆ ತೂಗುವ ಪ್ರೊಫೈಲ್ ಲೈಟ್ (ಅಲ್ಯೂಮಿನಿಯಂ ಪಟ್ಟಿಯೊಳಗೆ ಕೂರಿಸಿದ ಉದ್ದನೆಯ ಎಲ್ಇಡಿ ಲೈಟು), ಮೂರು ಸಾಲು. ಒಂದೊಂದು ಸಾಲಿಗೆ 2.4 ಮೀಟರಿನ ಏಳು ಪೀಸ್. ಅಂದರೆ ಬಾಗಿಲಿನಿಂದ ಹಿಂದಿನ ಗೋಡೆಯ ಹತ್ತಿರದವರೆಗೆ 16.8 ಮೀಟರಿನ ಒಂದೇ ಗೆರೆ. "ಎಲ್ಲೂ ತುಂಡಾದ ಹಾಗೆ ಕಾಣಬಾರದು" ಅಂತ ಡಿಸೈನರ್ ಮೂರು ಸಲ ವಾಯ್ಸ್ ಮೆಸೇಜ್ ಕಳಿಸಿದ್ದರು. ಹುಡುಗಿ ಒಳ್ಳೆಯವಳೇ, ಕೆಲಸವೂ ಚೆನ್ನಾಗಿ ಗೊತ್ತು. ಆದರೆ ಏಣಿ ಹತ್ತಿದವಳಲ್ಲ.

ಮನೆಯಲ್ಲಿ ಒಂದು ಟ್ಯೂಬ್‌ಲೈಟ್ ಅರ್ಧ ಇಂಚು ಓರೆ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಏಳು ಪೀಸು ಜೋಡಿಸಿ ಒಂದೇ ಗೆರೆ ಮಾಡಿದಾಗ ಕಥೆಯೇ ಬೇರೆ. ಅಲ್ಯೂಮಿನಿಯಂ ಪ್ರೊಫೈಲಿನ ಒಳಗೆ ಒಂದು ಜಾಯಿಂಟರ್ ಪಟ್ಟಿ ಹೋಗುತ್ತದೆ. ಅರ್ಧ ಈ ಪೀಸಿಗೆ, ಅರ್ಧ ಆ ಪೀಸಿಗೆ, ಎಲನ್ ಕೀಯಲ್ಲಿ ಬಿಗಿ ಮಾಡುವುದು. ಒಂದು ಸ್ಕ್ರೂ ಪೂರ್ತಿ ಬಿಗಿ ಮಾಡಿ ಆಮೇಲೆ ಇನ್ನೊಂದಕ್ಕೆ ಹೋದರೆ ಜಾಯಿಂಟು ಒಂದು ಕಡೆಗೆ ತಿರುಗುತ್ತದೆ. ಎಲ್ಲ ಸ್ಕ್ರೂಗಳನ್ನೂ ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಬರಬೇಕು, ಕಾರಿನ ಚಕ್ರದ ನಟ್ಟಿನ ಹಾಗೆ. ಸಾಲು ಹಿಡಿದು ನಿಲ್ಲಿಸುವುದು ಸಪೂರದ ಸ್ಟೀಲ್ ಹಗ್ಗ. ಎರಡು ತುದಿಗೆ ಎರಡು, ಆರು ಜಾಯಿಂಟಿಗೆ ಆರು, ಒಟ್ಟು ಎಂಟು. ಆ ಹಗ್ಗದ ಬುಡ ಫಾಲ್ಸ್ ಸೀಲಿಂಗಿನ ಜಿಪ್ಸಮ್‌ನಲ್ಲಿ ನಿಲ್ಲಬಾರದು. ಜಿಪ್ಸಮ್ ತೂತು ಮಾಡಿ, ಅದರ ಮೇಲಿನ ಕಾಂಕ್ರೀಟ್ ಸ್ಲ್ಯಾಬಿಗೆ ಆ್ಯಂಕರ್ ಹೊಡೆಯಬೇಕು. ಇದನ್ನು ಉದಾಸೀನ ಮಾಡಿದವರ ಲೈಟು ಸೀಲಿಂಗಿನ ತುಂಡು ಸಮೇತ ಕೆಳಗೆ ಬಂದದ್ದು ನೋಡಿದ್ದೇನೆ.

ಮಜಾ ಇರುವುದು ಹಗ್ಗದಲ್ಲಿ. ಹಗ್ಗ ಕಚ್ಚಿ ಹಿಡಿಯುವ ಗ್ರಿಪ್ಪರ್ ಒತ್ತಿ ಒಂದು ಹಗ್ಗವನ್ನು ಎರಡು ಮಿಲಿಮೀಟರ್ ಎತ್ತಿದಿರಿ ಅಂದುಕೊಳ್ಳಿ. ಪಕ್ಕದ ಹಗ್ಗ ಭಾರ ಬಿಟ್ಟು ಸುಮ್ನೆ ನಿಲ್ಲುತ್ತದೆ. ಕಣ್ಣಿಗೆ ಎರಡೂ ಒಂದೇ ಥರ. ಬೆರಳಿಂದ ಮೀಟಿ ನೋಡಬೇಕು. ಭಾರ ಹೊತ್ತ ಹಗ್ಗ ಗಟ್ಟಿಯಾಗಿ ಮಿಡಿಯುತ್ತದೆ, ಬಿಟ್ಟದ್ದು ಸತ್ತ ಹಾಗೆ. ನಾನು ಒಂದೊಂದನ್ನೇ ಮೀಟುತ್ತಾ ಹೋಗುವಾಗ ಕೆಳಗಿದ್ದ ಅಸ್ಸಾಮಿನ ಹುಡುಗ "ಭಯ್ಯಾ, ವೀಣಾ?" ಅಂತ ನಕ್ಕ. ಆ ಹುಡುಗ ಬಂಗಾರ. ಹೇಳಿದ್ದನ್ನು ಎರಡನೇ ಸಲ ಹೇಳುವ ಕೆಲಸವಿಲ್ಲ. ನಮ್ಮೂರ ಹುಡುಗರಲ್ಲಿ ಅರ್ಧ ಜನ ಇವನ ಹಾಗಿದ್ದಿದ್ದರೆ ಅಂತ ಅನಿಸಿತು, ಆಮೇಲೆ ನಮ್ಮೂರ ಹುಡುಗರೆಲ್ಲ ದುಬೈಯಲ್ಲಿ ಬೇರೆಯವರಿಗೆ ಬಂಗಾರ ಆಗಿದ್ದಾರಲ್ಲ ಅಂತಲೂ ಅನಿಸಿತು.

ವಯರಿಂಗಿನದ್ದು ದೊಡ್ಡ ಕಥೆಯಲ್ಲ. ಮೊದಲ ಪೀಸಿಗೆ ಕರೆಂಟು, ಅಲ್ಲಿಂದ ಒಳಗಿಂದೊಳಗೇ ಮುಂದಿನದಕ್ಕೆ. ಎರಡನೇ ಸಾಲಿನಲ್ಲಿ ಮೂರು ಪೀಸು ಉರಿದು ನಾಲ್ಕು ಕತ್ತಲೆ. ಮೂರನೇ ಜಾಯಿಂಟಿನಲ್ಲಿ ನ್ಯೂಟ್ರಲ್ ಕನೆಕ್ಟರ್ ಪೂರ್ತಿ ಒಳಗೆ ಕೂತಿರಲಿಲ್ಲ. ಮೂರೂ ಸಾಲನ್ನು ಒಟ್ಟಿಗೆ ಹಾಕಿದಾಗ ಎಂಸಿಬಿ (ಕರೆಂಟು ಜಾಸ್ತಿ ಎಳೆದರೆ ತಾನಾಗಿ ಬೀಳುವ ಸ್ವಿಚ್) ಟ್ರಿಪ್ ಆಯಿತು. ಪೀಸಿಗೊಂದರಂತೆ ಎಲ್ಇಡಿಗೆ ಕರೆಂಟು ಕೊಡುವ 21 ಡ್ರೈವರ್ ಒಂದೇ ಕ್ಷಣದಲ್ಲಿ ಎಳೆದರೆ ಆಗುವುದೇ ಹಾಗೆ. ಸಾಲಿಗೊಂದು, ಆ ಮೊದಲ ಎಳೆತ ತಡೆದುಕೊಳ್ಳುವ ಸಿ ಟೈಪ್ ಎಂಸಿಬಿ ಹಾಕಿದೆ, ಮುಗಿಯಿತು.

ಆಮೇಲೆ ಲೆವೆಲ್. ಲೆವೆಲ್ ನೋಡಲು ಗೆರೆ ಬಿಡುವ ನನ್ನ ಹಸಿರು ಲೇಸರ್ ಹತ್ತು ಮೀಟರಿಗೆ ಹೆಚ್ಚೆಂದರೆ ಮೂರು ಮಿಲಿಮೀಟರ್ ತಪ್ಪುವಂಥದ್ದು. ಒಂದು ತುದಿಯಲ್ಲಿ ಇಟ್ಟರೆ ಇನ್ನೊಂದು ತುದಿ 17 ಮೀಟರ್ ದೂರ, ಅಲ್ಲಿಗೆ ತಪ್ಪು ಜಾಸ್ತಿ. ಅದಕ್ಕೆ ಹಾಲಿನ ನಡುವೆ ಸ್ಟ್ಯಾಂಡ್ ಇಟ್ಟು ಎರಡೂ ಕಡೆ ನೋಡಿದೆ. ಹಸಿರು ಗೆರೆ ಪ್ರೊಫೈಲಿನ ಕೆಳಅಂಚಿಗೆ ಅಂಟಿಸಿದ ಹಾಗೆ ಕೂತಿತ್ತು. ಮೂರು ಸಾಲೂ. 18 ವರ್ಷದ ಕೆಲಸದಲ್ಲಿ ಇಷ್ಟು ಚೊಕ್ಕ ಮಾಡಿದ್ದು ನೆನಪಿಲ್ಲ. ಫೋಟೋ ಕೂಡ ತೆಗೆದಿದ್ದೆ.

ಆಗ ಬಂದರು ಹಾಜಿಯವರು.

"ಇದು ಓರೆ ಉಂಟಲ್ಲ ಮಾರಾಯ. ಹಿಂದೆ ಎದ್ದಿದೆ."

"ಇಲ್ಲ ಹಾಜಿಯವರೇ, ಲೇಸರ್ ನೋಡಿ, ಒಂದು ನೂಲು ಆಚೀಚೆ ಇಲ್ಲ" ಅಂದೆ. ಏಣಿಯಿಂದ ಇಳಿದು ಗೆರೆ ತೋರಿಸಿದೆ.

ಅವರು ಗೆರೆ ನೋಡಿದರು. ನನ್ನನ್ನು ನೋಡಿದರು. "ಲೇಸರ್ ಸರಿ ಇರಬಹುದು. ಗಿರಾಕಿ ಲೇಸರ್ ಹಿಡ್ಕೊಂಡು ಬರ್ತಾರಾ?"

ಮಗ "ಉಪ್ಪ, ಸುಮ್ನಿರಿ" ಅನ್ನುವ ಅರ್ಥದಲ್ಲಿ ಮಲಯಾಳದಲ್ಲಿ ಏನೋ ಹೇಳಿದ. ನನ್ನ ಕಡೆ ತಿರುಗಿ "ಅಣ್ಣ, ನೀವು ಬಿಡಿ, ಲೆವೆಲ್ ಇದ್ದರೆ ಸಾಕು" ಅಂದ. ಅವನಿಗೆ ಶುಕ್ರವಾರದೊಳಗೆ ಕೆಲಸ ಮುಗಿದರೆ ಸಾಕಿತ್ತು. ಮುದುಕರಿಗೆ ವಯಸ್ಸಾಗಿದೆ, ಕಣ್ಣಿನ ದೋಷ ಅಂತ ನಾನೂ ಅಂದುಕೊಂಡೆ. ಅಷ್ಟರಲ್ಲಿ ಅವರು ಎದ್ದು ಹೋಗಿ ಒಂದು ಬಂಡಲ್ ಬಿಚ್ಚಿ, ಹತ್ತಿ ಬಟ್ಟೆಗೆ ಅಂಚಿನಲ್ಲಿ ಕತ್ತರಿಯಿಂದ ಒಂದು ಸಣ್ಣ ಕಚ್ಚು ಹಾಕಿ, ಎರಡು ಕೈಯಲ್ಲಿ ಹಿಡಿದು ಪರ್ರ್ ಅಂತ ಹರಿದರು. ಅಷ್ಟಗಲದ ಬಟ್ಟೆ ಈ ಅಂಚಿನಿಂದ ಆ ಅಂಚಿಗೆ ನೇರ ಬಿಟ್ಟಿತು. "ಕತ್ತರಿಯಲ್ಲಿ ಹೋದರೆ ಕೈ ಓರೆ ಆಗ್ತದೆ. ಹರಿದರೆ ನೂಲು ಹೋದ ದಾರಿಯಲ್ಲೇ ಹೋಗ್ತದೆ" ಅಂದರು. ನನಗೆ ಹೇಳಿದ್ದೋ ಕೆಲಸದ ಹುಡುಗಿಗೆ ಹೇಳಿದ್ದೋ ಗೊತ್ತಿಲ್ಲ. ಬಟ್ಟೆ ಮಡಚಿ ಇಟ್ಟು ನಮಾಜಿಗೆ ಹೋದರು.

ಅಂಗಡಿ ಖಾಲಿಯಾದ ಮೇಲೆ ಬಾಗಿಲಿನಲ್ಲಿ ಅವರ ಕುರ್ಚಿಯಲ್ಲೇ ಕೂತು ನೋಡಿದೆ. ಹೌದು. ಹಿಂದೆ ಎದ್ದಿತ್ತು.

ಟೇಪ್ ಹಿಡಿದೆವು. ಮುಂದೆ ಸೀಲಿಂಗಿನಿಂದ ಲೈಟಿಗೆ 305 ಮಿಲಿಮೀಟರ್. ಹಿಂದೆ 283. ನನ್ನ ಲೈಟು ಎದ್ದಿರಲಿಲ್ಲ, ಜಿಪ್ಸಮ್ ಸೀಲಿಂಗು 22 ಮಿಲಿಮೀಟರ್ ಇಳಿದಿತ್ತು. ಪ್ರೊಫೈಲಿನ ಮೇಲ್ಭಾಗದಿಂದಲೂ ಬೆಳಕು ಬರುವ ಲೈಟು ಅದು, ಹಾಗಾಗಿ ಹಿಂದೆ ಸೀಲಿಂಗ್ ಮೇಲಿನ ಬೆಳಕಿನ ಪಟ್ಟಿಯೂ ಸಪೂರವಾಗಿ, ಜೋರಾಗಿ ಕಾಣುತ್ತಿತ್ತು. ಕಣ್ಣಿಗೆ ಭೂಮಿಯ ಲೆವೆಲ್ ಬೇಡ. ಅದು ಪಕ್ಕದಲ್ಲಿ ಏನಿದೆಯೋ ಅದರ ಜೊತೆ ಹಿಡಿದು ನೋಡುತ್ತದೆ. ಸೀಲಿಂಗ್ ಯಾರು ಕಟ್ಟಿದ್ದು ಅಂತ ಈಗ ಕೇಳಿ ಪ್ರಯೋಜನ ಇಲ್ಲ, ಪೇಂಟೂ ಆಗಿದೆ.

ನನಗೆ ಅಪ್ಪನ ಅಡಿಕೆ ತೋಟ ನೆನಪಾಯಿತು. ಬದಿಯಡ್ಕದ ಕಡೆ ನಮ್ಮದು. ಸಸಿ ನೆಡುವಾಗ ಅಪ್ಪ ಹಗ್ಗ ಕಟ್ಟಿ ಒಂಬತ್ತು ಅಡಿಗೊಂದು ಗೂಟ ಹೊಡೆಯುತ್ತಿದ್ದರು. ಆದರೆ ಸಾಲು ಉತ್ತರ-ದಕ್ಷಿಣ ನೇರ ಅಲ್ಲ. ಪಡುವಣಕ್ಕೆ 35 ಡಿಗ್ರಿ ಓರೆ. ಇಲ್ಲೇ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ಹೇಳುವ ಲೆಕ್ಕ ಅದು, ಮಧ್ಯಾಹ್ನದ ಮೇಲಿನ ಬಿಸಿಲು ಮರದ ಕಾಂಡಕ್ಕೆ ನೇರ ಬಡಿದು ಸುಡಬಾರದು ಅಂತ. ಶಾಲೆಯಲ್ಲಿ ಕಂಪಾಸ್ ನೋಡಲು ಕಲಿತ ವರ್ಷ ನಾನು ಅಪ್ಪನಿಗೆ "ತೋಟ ಓರೆ ಉಂಟು" ಅಂದಿದ್ದೆ. "ಬಾವಿಕಟ್ಟೆಯಲ್ಲಿ ನಿಂತು ನೋಡು" ಅಂದರು. ಅಲ್ಲಿಂದ ನೋಡಿದರೆ ಒಂದು ಮರದ ಹಿಂದೆ ಇಡೀ ಸಾಲು ಅಡಗಿತ್ತು.

ಹಾಗೆ ನೋಡಿದರೆ ಕಾಸರಗೋಡಿನವರಿಗೆ ಇದು ಹೊಸ ವಿಷಯವೂ ಅಲ್ಲ. ನನ್ನ ಅಜ್ಜ ಹುಟ್ಟಿದ್ದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. 1956ರ ನವೆಂಬರ್ 1ರಂದು ಬೆಳಿಗ್ಗೆ ಎದ್ದಾಗ ಅದೇ ಮನೆ ಕೇರಳದಲ್ಲಿತ್ತು. ಅಜ್ಜ ಒಂದು ಇಂಚೂ ಅಲ್ಲಾಡಿರಲಿಲ್ಲ. 1967ರಲ್ಲಿ ಗಡಿ ವಿವಾದ ನೋಡಿದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ, ಸೇರಬೇಕು ಅಂತ ಬರೆಯಿತು. ಆ ಲೆಕ್ಕ ಜಾರಿಗೆ ಬಂದಿದ್ದರೆ ಈ ಬಟ್ಟೆ ಅಂಗಡಿಯೂ ಆಚೆ ಹೋಗುತ್ತಿತ್ತು. ಬರಲಿಲ್ಲ. ಈಗ ಮಂಗಳೂರಿಗೆ ಸಾಮಾನು ತರಲು ಹೋದರೆ "ಕೇರಳದವರಾ?" ಅಂತ ಕೇಳುತ್ತಾರೆ, ಕಣ್ಣೂರಿನಲ್ಲಿ ಕೆಲಸಕ್ಕೆ ಹೋದರೆ "ಕನ್ನಡದವರಾ?" ಅಂತ. ಪಕ್ಕದಲ್ಲಿ ಯಾವ ಸೀಲಿಂಗ್ ಇದೆ ಅನ್ನುವುದರ ಮೇಲೆ ನಾನು ಒಂದು ಕಡೆ ಎದ್ದ ಹಾಗೆ ಕಾಣುತ್ತೇನೆ, ಇನ್ನೊಂದು ಕಡೆ ಇಳಿದ ಹಾಗೆ. ಹಾಜಿಯವರು ಕನ್ನಡ ಮೀಡಿಯಮ್ಮಿನಲ್ಲಿ ಓದಿದವರು. ಮಗನಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ಅಂಗಡಿಯ ಬೋರ್ಡಿನ ಕನ್ನಡದಲ್ಲಿ ಒಂದು ಒತ್ತಕ್ಷರ ತಪ್ಪಿದ್ದು ಮುದುಕರಿಗೆ ಮಾತ್ರ ಕಂಡಿತ್ತಂತೆ.

ಇರಲಿ. ಲೈಟಿಗೆ ಬರುತ್ತೇನೆ. ಪೂರ್ತಿ ಸೀಲಿಂಗಿನ ಹಾಗೆ ಇಳಿಸಿದರೆ ಹಿಂದಿನ ಗೋಡೆಯ ಕಪಾಟಿನ ಮೇಲಂಚಿನ ಎದುರು ಎಡವಟ್ಟಾಗುತ್ತಿತ್ತು, ಕಪಾಟು ಮಾಡಿದ ಆಚಾರಿಯದ್ದು ಪಕ್ಕಾ ಲೆವೆಲ್. ಹಾಗಾಗಿ ಅರ್ಧಕ್ಕೆ ರಾಜಿ. ಹಿಂದಿನ ತುದಿ 11 ಮಿಲಿಮೀಟರ್ ಇಳಿಸುವುದು, ಅದನ್ನು ಏಳು ಹಗ್ಗಕ್ಕೆ ಹಂಚುವುದು. ಒಂದೊಂದಕ್ಕೆ ಒಂದೂವರೆ ಮಿಲಿಮೀಟರ್ ಚಿಲ್ಲರೆ ಜಾಸ್ತಿ. ಮೂರು ಸಾಲಿಗೆ 21 ಹಗ್ಗ, ಮತ್ತೆ ಮೀಟುವುದು, ಮತ್ತೆ ಇಳಿಸುವುದು. ರಾತ್ರಿ ಹನ್ನೊಂದೂವರೆ ಆಯಿತು. ಹುಡುಗ ಲೇಸರ್ ಆನ್ ಮಾಡಲು ಹೋದ. ಬೇಡ ಅಂದೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಮಂಗಳವಾರ ಹಾಜಿಯವರು ಬಂದು ಅದೇ ಕುರ್ಚಿಯಲ್ಲಿ ಕೂತರು. ಕೊಡೆ ಎತ್ತಲಿಲ್ಲ. "ಈಗ ಸರಿ ಉಂಟು" ಅಂದರು. ನಾನು ಏನು ಮಾಡಿದೆ ಅಂತ ಕೇಳಲೂ ಇಲ್ಲ.

ಬುಧವಾರ ಡಿಸೈನರ್ ಬಂದರು. ಏಣಿ ಹತ್ತಿದರು (ನಾನು ಮೇಲೆ ಬರೆದದ್ದು ಅರ್ಧ ವಾಪಸು), ಮೊಬೈಲನ್ನು ಪ್ರೊಫೈಲಿಗೆ ತಾಗಿಸಿ ಲೆವೆಲ್ ಆ್ಯಪ್ ನೋಡಿದರು. ಸೊನ್ನೆ ಡಿಗ್ರಿ. "ಪರ್ಫೆಕ್ಟ್ ಲೆವೆಲ್ ಅಣ್ಣ, ಸೂಪರ್" ಅಂದರು. 16.8 ಮೀಟರಿಗೆ 11 ಮಿಲಿಮೀಟರ್ ಅಂದರೆ ಒಂದು ಡಿಗ್ರಿಯ ಇಪ್ಪತ್ತೈದನೇ ಒಂದು ಪಾಲೂ ಆಗುವುದಿಲ್ಲ, ಮೊಬೈಲ್ ಅದನ್ನು ಎಲ್ಲಿ ಹೇಳುತ್ತದೆ? ನಾನು ಥ್ಯಾಂಕ್ಸ್ ಅಂದೆ. ಅಸ್ಸಾಮಿನ ಹುಡುಗ ಮುಖ ತಿರುಗಿಸಿ ವಯರ್ ಸುತ್ತಲು ಶುರು ಮಾಡಿದ, ಹೆಗಲು ಕುಣಿಯುತ್ತಿತ್ತು.

ಅಂಗಡಿ ಶುಕ್ರವಾರ ಶುರುವಾಯಿತು. ನಿನ್ನೆ ಮಗನ ಫೋನ್, "ಅಣ್ಣ, ಜಾಯಿಂಟಿನಲ್ಲಿ ಸಪೂರ ಗೆರೆ ಕಾಣ್ತದೆ." ಇದು ನನ್ನದೇ ತಪ್ಪು. ಡಿಫ್ಯೂಸರ್, ಅಂದರೆ ಬೆಳಕು ಹರಡುವ ಪ್ಲಾಸ್ಟಿಕ್ ಪಟ್ಟಿ, ಕೂರಿಸಿದ್ದು ಎಸಿ ಇಲ್ಲದ ಮಧ್ಯಾಹ್ನದ ಸೆಕೆಯಲ್ಲಿ. ಆ ಪ್ಲಾಸ್ಟಿಕ್ಕು ಅಲ್ಯೂಮಿನಿಯಮ್ಮಿಗಿಂತ ಹೆಚ್ಚುಕಡಿಮೆ ಮೂರು ಪಟ್ಟು ಹಿಗ್ಗಿ ಕುಗ್ಗುತ್ತದೆ. ಎಸಿ 24ಕ್ಕೆ ಹಾಕಿದ ಮೇಲೆ 2.4 ಮೀಟರಿನ ಪಟ್ಟಿ ಒಂದು ಮಿಲಿಮೀಟರಿನಷ್ಟು ಗಿಡ್ಡವಾಗಿ, ಸಂದಿನಲ್ಲಿ ಬೆಳಕು ಇಣುಕಿದೆ. ಗೊತ್ತಿದ್ದೂ ಅವಸರಕ್ಕೆ ಬಿಟ್ಟಿದ್ದೆ.

ಏಣಿ ಹಿಡಿದು ಹೋದಾಗ ಗಿರಾಕಿಗಳು ಬಂದಿದ್ದರು. ತಾಯಿ, ಮಗಳು, ಜೊತೆಗೆ ಒಬ್ಬರು ಅತ್ತೆ ಇರಬೇಕು. ಮಗಳು ಒಂದು ಹಸಿರು ಸೀರೆ ಹಿಡಿದು ನನ್ನ ಲೈಟಿನ ಕೆಳಗೆ ಆಚೆ ಈಚೆ ತಿರುಗಿಸಿದಳು. ಬಣ್ಣ ಸರಿಯಾಗಿ ಕಾಣಲಿ ಅಂತ ಸಿಆರ್‌ಐ 90ರ ಲೈಟು ತರಿಸಿದ್ದೆವು, ಮಾಮೂಲಿಗಿಂತ ದುಬಾರಿ. ಆಕೆ ಸೀರೆ ಹಿಡಿದುಕೊಂಡು ಸೀದಾ ಬಾಗಿಲಿಗೆ ಹೋಗಿ, ಹೊರಗಿನ ಬಿಸಿಲಿಗೆ ಹಿಡಿದು ನೋಡಿದಳು. ಹಿಂದಿಂದ ಅತ್ತೆಯೂ ಹೋದರು.

ಹಾಜಿಯವರು ಗಲ್ಲಾದಿಂದ ನನ್ನ ಕಡೆ ನೋಡಿದರು. "ಯಾರಾದ್ರೂ ಮೇಲೆ ನೋಡಿದ್ರಾ?"

"ಇಲ್ಲ ಹಾಜಿಯವರೇ."

"ಹಾಂ" ಅಂದು ಅವರು ಬ್ಲೌಸ್ ಪೀಸಿನ ಬಟ್ಟೆಗೆ ಕಚ್ಚು ಹಾಕಿದರು. ನಾನು ನಾಲ್ಕನೇ ಜಾಯಿಂಟಿನ ಕೆಳಗೆ ಏಣಿ ಇಟ್ಟೆ.