ಗೋಡೆ ಬೆಳ್ಳಗೇ ಇದೆಯಲ್ಲೋ

ನಾನು ಒಂದು ಕಂಪನಿಯ ಐಟಿ ಹೆಲ್ಪ್‌ಡೆಸ್ಕ್‌ನಲ್ಲಿದ್ದೇನೆ. 9 ವರ್ಷ ಆಯಿತು. ನಮ್ಮಲ್ಲಿ ಕಾಲ್ ಎಷ್ಟು ಬೇಗ ಮುಗಿಯುತ್ತದೋ ಅಷ್ಟು ಒಳ್ಳೆಯ ಹೆಸರು. ಹಾಗಾಗಿ ಎದುರಿನವರು ಬಾಯಿ ತೆರೆದ ಕೂಡಲೇ "ಓ, ಇದು ಅದೇ" ಅಂತ ತಲೆಯೊಳಗೆ ಒಂದು ಚೀಟಿ ಅಂಟಿಸಿಬಿಡುವುದು ಅಭ್ಯಾಸವಾಗಿಬಿಟ್ಟಿದೆ. ಎಷ್ಟೋ ಸಲ ಆ ಚೀಟಿ ಸರಿಯಾಗಿಯೇ ಇರುತ್ತದೆ. ಅದಕ್ಕೇ ಅಭ್ಯಾಸ ಬಿಟ್ಟುಹೋಗುವುದಿಲ್ಲ.

ಒಂದು ಭಾನುವಾರ ದೊಡ್ಡಪ್ಪ ಫೋನ್ ಮಾಡಿದರು. ಅವರಿಗೆ 78. ಲೆಕ್ಕದ ಮೇಷ್ಟ್ರಾಗಿ ರಿಟೈರ್ ಆದವರು. ಹಳೆಯ ಡೆಸ್ಕ್‌ಟಾಪ್ ಒಂದರಲ್ಲಿ ದಿನಾ ಚೆಸ್ ಆಡುತ್ತಾರೆ, ಎಕ್ಸೆಲ್‌ನಲ್ಲಿ ನಮ್ಮ ವಂಶವೃಕ್ಷ ಬರೆಯುತ್ತಾರೆ.

"ಸ್ಕ್ರೀನ್ ಹಳದಿ ಆಗಿದೆ ಕಣೋ. ಸ್ವಿಚ್ ಹಾಕಿದ ಕ್ಷಣದಿಂದ ಹಳದಿ. ನೀಲಿ ಇದ್ದ ಕಡೆಯೆಲ್ಲ ಕಪ್ಪು."

ನನ್ನ ಕಿವಿಗೆ ಬಿದ್ದದ್ದು "ಹಳದಿ" ಮಾತ್ರ. ಹಳದಿ ಅಂದರೆ ನೈಟ್ ಲೈಟ್. ಕಣ್ಣಿಗೆ ಹಿತವಾಗಲಿ ಅಂತ ವಿಂಡೋಸ್ ರಾತ್ರಿ ಹೊತ್ತು ಪರದೆಯ ನೀಲಿ ಕಡಿಮೆ ಮಾಡುತ್ತದಲ್ಲ, ಅದು. ಆಫೀಸಿನಲ್ಲಿ ಯಾರಾದರೂ ಗೊತ್ತಿಲ್ಲದೆ ಆನ್ ಮಾಡಿಕೊಂಡು ಗಾಬರಿಯಾಗಿ ಕಾಲ್ ಮಾಡುತ್ತಲೇ ಇರುತ್ತಾರೆ. ಎರಡು ನಿಮಿಷದ ಕೆಲಸ.

"ದೊಡ್ಡಪ್ಪಾ, ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್ ಮಾಡಿ" ಅಂದೆ. ಅವರು ಬಾಣವನ್ನು ಪರದೆಯ ಬಲತುದಿಗೆ ಒಯ್ದು ಅಲ್ಲಿ ಒತ್ತಿದರು. ಇನ್ನೂ ಬಲಕ್ಕೆ ಹೋಗಲು ಜಾಗ ಇಲ್ಲ ಅಂತಲೂ ಹೇಳಿದರು. ಇದು ಆಗುವ ಮಾತಲ್ಲ ಅಂತ ರಿಮೋಟ್ ತೆಗೆದುಕೊಂಡೆ, ಅಂದರೆ ಅವರ ಕಂಪ್ಯೂಟರನ್ನು ನನ್ನ ಲ್ಯಾಪ್‌ಟಾಪ್‌ನಿಂದಲೇ ನೋಡಿ ನಡೆಸುವುದು.

ನೋಡಿದರೆ ನೈಟ್ ಲೈಟ್ ಆಫ್ ಇದೆ. ಆನ್ ಮಾಡಿ ಮತ್ತೆ ಆಫ್ ಮಾಡಿದೆ. ಕಲರ್ ಸೆಟ್ಟಿಂಗ್ ಡಿಫಾಲ್ಟ್‌ಗೆ ತಂದೆ. ಪರದೆಗೆ ಚಿತ್ರ ಕಳಿಸುವುದನ್ನು ನೋಡಿಕೊಳ್ಳುವ ತಂತ್ರಾಂಶ, ಡಿಸ್‌ಪ್ಲೇ ಡ್ರೈವರ್, ತೆಗೆದು ಮತ್ತೆ ಹಾಕಿದೆ, ರೀಸ್ಟಾರ್ಟ್ ಮಾಡಿಸಿದೆ. ಮುಕ್ಕಾಲು ಗಂಟೆ ಹೋಯಿತು. ಅಷ್ಟು ಹೊತ್ತೂ ನನ್ನ ಲ್ಯಾಪ್‌ಟಾಪ್‌ನಲ್ಲಿ ಅವರ ಸ್ಕ್ರೀನ್ ಹಾಲಿನ ಹಾಗೆ ಬೆಳ್ಳಗಿತ್ತು.

"ನನಗೆ ಬಿಳಿ ಕಾಣಿಸ್ತಿದೆಯಲ್ಲ ದೊಡ್ಡಪ್ಪಾ."

"ನನಗೆ ಹಳದಿ ಕಾಣಿಸ್ತಿದೆಯಲ್ಲೋ."

ಆಮೇಲೆ ನಾನು ಕೇಳಿದ್ದನ್ನು ನೆನೆಸಿಕೊಂಡರೆ ಈಗಲೂ ಮುಜುಗರ. "ಇತ್ತೀಚೆಗೆ ಕಣ್ಣು ತೋರಿಸಿಕೊಂಡಿದ್ದೀರಾ?" ಪೊರೆ ಬಂದರೆ ಬಣ್ಣ ಹಳದಿಯಾಗಿ ಕಾಣುತ್ತದೆ ಅನ್ನುವುದು ನಿಜವೇ. ಆದರೆ ಆಗ ನನಗೆ ಅವರ ಕಣ್ಣಿನ ಚಿಂತೆ ಏನೂ ಇರಲಿಲ್ಲ. ಕಾಲ್ ಮುಗಿಸಬೇಕಿತ್ತು, ಅಷ್ಟೇ.

ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕ್ಲಾಸಿನ ದನಿಯಲ್ಲಿ ಶುರು ಮಾಡಿದರು. "ಮಾನಿಟರ್ ಹಿಂದಿನ ಗೋಡೆ ಬೆಳ್ಳಗೇ ಇದೆಯಲ್ಲೋ. ಟೇಬಲ್ ಮೇಲಿನ ಹಾಳೆಯೂ ಬೆಳ್ಳಗಿದೆ. ಹಳದಿ ಇರೋದು ಈ ಚೌಕದೊಳಗೆ ಮಾತ್ರ. ಕಣ್ಣು ಕೆಟ್ಟರೆ ಬರೀ ಚೌಕದೊಳಗೆ ಕೆಡುತ್ತಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ರಿಮೋಟ್ ಬಿಟ್ಟೆ. ಮೊದಲಿಂದ ಹೇಳಿ ಅಂದೆ. ಅವರು ಅದೇ ಮೂರು ವಾಕ್ಯ ಹೇಳಿದರು, ಒಂದಕ್ಷರ ಹೆಚ್ಚು ಕಡಿಮೆ ಇಲ್ಲ. ಈ ಸಲ ಕೇಳಿಸಿತು.

ಸ್ವಿಚ್ ಹಾಕಿದ ಕ್ಷಣದಿಂದ ಹಳದಿ ಅಂದರೆ, ಕಂಪ್ಯೂಟರ್ ಕಂಪನಿಯ ಲೋಗೋ ಬರುವಾಗಲೂ ಹಳದಿ. ಆಗಿನ್ನೂ ವಿಂಡೋಸ್ ಎದ್ದೇ ಇರುವುದಿಲ್ಲ. ವಿಂಡೋಸ್ ಒಳಗಿನ ಯಾವ ಸೆಟ್ಟಿಂಗೂ ಆಗ ಲೆಕ್ಕಕ್ಕಿಲ್ಲ. ಅಂದರೆ ಆ ಮುಕ್ಕಾಲು ಗಂಟೆ ನಾನು ಮಾಡಿದ್ದೆಲ್ಲ ದಂಡ. ಇನ್ನು ನೀಲಿ ಇದ್ದ ಕಡೆ ಕಪ್ಪು ಅನ್ನುವ ಮಾತು. ಪರದೆಯ ಬಣ್ಣಗಳೆಲ್ಲ ಕೆಂಪು, ಹಸಿರು, ನೀಲಿ ಬೆಳಕಿನ ಬೆರಕೆ. ಬಿಳಿಯಿಂದ ನೀಲಿ ತೆಗೆದರೆ ಉಳಿಯುವುದು ಹಳದಿ. ನೀಲಿಯಿಂದಲೇ ನೀಲಿ ತೆಗೆದರೆ ಉಳಿಯುವುದು ಕಪ್ಪು. ಇಲ್ಲಿ ನೀಲಿ ಕಡಿಮೆಯಾಗಿದ್ದಲ್ಲ, ಪೂರ್ತಿ ಹೋಗಿತ್ತು. ಮೇಷ್ಟ್ರು ಮೊದಲ ವಾಕ್ಯಗಳಲ್ಲೇ ಲೆಕ್ಕ ಬಿಡಿಸಿಟ್ಟಿದ್ದರು.

"ಮಾನಿಟರ್ ಕೆಳಗೆ ಸಣ್ಣ ಬಟನ್ ಇರುತ್ತೆ ನೋಡಿ, ಬ್ರೈಟ್‌ನೆಸ್ ಜಾಸ್ತಿ ಮಾಡೋದು. ಅದನ್ನ ಒತ್ತಿದಾಗ ಬರೋ ಮೆನು ಯಾವ ಬಣ್ಣ?"

"ಅರೆ, ಇದೊಂದು ಮಾತ್ರ ನೀಲಿ ಇದೆ!"

ಆ ಮೆನುವನ್ನು ಬರೆಯುವುದು ಮಾನಿಟರೇ, ಕಂಪ್ಯೂಟರ್ ಅಲ್ಲ. ಹಾಗಾಗಿ ಮಾನಿಟರ್ ಗಟ್ಟಿ. ರಿಮೋಟ್‌ನಲ್ಲಿ ನನಗೆ ಕಾಣುವುದು ಕಂಪ್ಯೂಟರ್ ಒಳಗೆ ತಯಾರಾಗುವ ಚಿತ್ರ, ಅದು ಕೇಬಲ್ ದಾಟಿ ಬಂದ ಮೇಲೆ ಏನಾಯಿತು ಅಂತ ರಿಮೋಟ್‌ಗೆ ಗೊತ್ತೇ ಆಗುವುದಿಲ್ಲ. ಸ್ಕ್ರೀನ್‌ಶಾಟ್ ಕೂಡ ಹಾಗೇ. ಅಲ್ಲಿಗೆ ಅನುಮಾನವೆಲ್ಲ ನಡುವಿನ ಕೇಬಲ್ ಮೇಲೆ ಬಂತು. ಅದು ಹಳೆಯ ವಿಜಿಎ ಕೇಬಲ್. 1987ರಲ್ಲಿ ಐಬಿಎಂ ತಂದ ವ್ಯವಸ್ಥೆ, ಈಗಲೂ ಎಷ್ಟೋ ಟೇಬಲ್‌ಗಳ ಹಿಂದೆ ನೇತಾಡುತ್ತಿದೆ. ಅದರಲ್ಲಿ ಕೆಂಪಿಗೊಂದು, ಹಸಿರಿಗೊಂದು, ನೀಲಿಗೊಂದು ಬೇರೆ ಬೇರೆ ಪಿನ್.

"ಕೇಬಲ್ ಸಡಿಲ ಆಗಿದ್ಯಾ?" ಅಂತ ನಾನು ಕೇಳಲಿಲ್ಲ. ಹಾಗೆ ಕೇಳಿದರೆ ಎಲ್ಲರೂ ಕೂತಲ್ಲೇ "ಇಲ್ಲ, ಗಟ್ಟಿಯಾಗಿದೆ" ಅನ್ನುತ್ತಾರೆ. ಕೆಲಸದಲ್ಲಿ ಕಲಿತ ಉಪಾಯ ಬೇರೆ ಇದೆ. ಎಲ್ಲ ಆಫ್ ಮಾಡಿಸಿ, ಕೇಬಲ್ ಬಿಚ್ಚಿ ತುದಿಯಲ್ಲಿ ಎಷ್ಟು ಪಿನ್ ಇವೆ ಎಣಿಸಿ ಅನ್ನುವುದು. ಎಣಿಸಬೇಕಾದರೆ ಬಿಚ್ಚಲೇಬೇಕು, ನೋಡಲೇಬೇಕು.

ದೊಡ್ಡಪ್ಪ ಎರಡು ಬದಿಯ ಸ್ಕ್ರೂ ತಿರುಗಿಸಿ ಬಿಚ್ಚಿದರು. ಫೋನ್ ಸ್ಪೀಕರ್‌ನಲ್ಲಿಟ್ಟು ಭೂತಗನ್ನಡಿ ಹುಡುಕಿಕೊಂಡು ಬಂದರು. "ಮೂರು ಸಾಲು. ಮೇಲೆ ಐದು. ನಡುವಿನ ಸಾಲಿನಲ್ಲಿ ನಾಲ್ಕೇ ಇದೆ, ಒಂದು ಬಿದ್ದುಹೋಗಿದೆ ಕಣೋ."

"ಅದು ಬಿದ್ದುಹೋಗಿದ್ದಲ್ಲ ದೊಡ್ಡಪ್ಪಾ. 9ನೇ ಪಿನ್ ತುಂಬ ಕೇಬಲ್‌ಗಳಲ್ಲಿ ಇರೋದೇ ಇಲ್ಲ. ಮೇಲಿನ ಸಾಲಿನಲ್ಲಿ ನಡುವಿನದು ಹೇಗಿದೆ?"

"ಮಲಗಿಬಿಟ್ಟಿದೆ."

3ನೇ ಪಿನ್, ನೀಲಿಯದು. ಎರಡು ದಿನದ ಹಿಂದೆ ಧೂಳು ಹೊಡೆಯಲು ಅವರೇ ಕೇಬಲ್ ಬಿಚ್ಚಿದ್ದರಂತೆ. ಮತ್ತೆ ಹಾಕುವಾಗ ಓರೆಯಾಗಿ ಒತ್ತಿದ್ದಾರೆ. ಚಿಮಟದಿಂದ ನಿಧಾನವಾಗಿ ಎಬ್ಬಿಸಿ ಅಂದೆ, ಜೋರು ಮಾಡಿದರೆ ಮುರಿಯುತ್ತದೆ ಅಂತ ಎಚ್ಚರಿಸಿದೆ. ಹತ್ತು ನಿಮಿಷ ಬರೀ ಉಸಿರಾಟ ಕೇಳಿಸಿತು. ಆಮೇಲೆ ಲೋಗೋ ಬೆಳ್ಳಗೆ ಬಂತು. ಒಮ್ಮೆ ಬಗ್ಗಿದ ಪಿನ್ ನಂಬುವಂಥದ್ದಲ್ಲ ಅಂತ ಮುಂದಿನ ಸಲ ಹೋದಾಗ ಹೊಸ ಕೇಬಲ್ ಹಾಕಿ ಬಂದೆ.

ಸೋಮವಾರ ಆಫೀಸಿಗೆ ಹೋಗಿ ನನ್ನ ಹಳೆಯ ಟಿಕೆಟ್‌ಗಳನ್ನು, ಅಂದರೆ ಒಂದೊಂದು ಕಾಲ್‌ಗೂ ನಾವು ಬರೆದಿಡುವ ದೂರಿನ ದಾಖಲೆಗಳನ್ನು, ಸುಮ್ನೆ ತೆರೆದು ನೋಡಿದೆ. "ಡಿಸ್‌ಪ್ಲೇ ಇಶ್ಯೂ." "ಡಿಸ್‌ಪ್ಲೇ ಇಶ್ಯೂ." "ಮಾನಿಟರ್ ನಾಟ್ ವರ್ಕಿಂಗ್." ಜನ ಏನೇನೋ ಹೇಳಿರುತ್ತಾರೆ, ನಾವು ಎರಡು ಪದ ಬರೆದು ಉಳಿದದ್ದನ್ನು ಎಸೆದಿರುತ್ತೇವೆ. ಮುಂದೆ ಆ ಟಿಕೆಟ್ ಇನ್ನೊಬ್ಬರ ಕೈಗೆ ಹೋದಾಗ ಅವರು ಮತ್ತೆ ಮೊದಲಿಂದ ಕೇಳಬೇಕು. ಈಗ ನಾನು ಮೊದಲ ಸಾಲಿನಲ್ಲಿ ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. ನನ್ನ ಅನುಮಾನ ಏನಿದ್ದರೂ ಎರಡನೇ ಸಾಲಿಗೆ. ಸ್ಕ್ರೀನ್‌ಶಾಟ್ ಬದಲು ಮೊಬೈಲಿನಲ್ಲಿ ಮಾನಿಟರಿನ ಫೋಟೋ ಕೇಳುತ್ತೇನೆ, ಪಕ್ಕದ ಗೋಡೆಯೂ ಕಾಣುವ ಹಾಗೆ.

"ಸ್ಕ್ರೀನ್ ಕಪ್ಪಾಗಿದೆ" ಅನ್ನುವ ಕಾಲ್ ಅಂತೂ ಒಂದರಂತೆ ಇನ್ನೊಂದು ಇರುವುದಿಲ್ಲ. ಮಾನಿಟರಿನ ದೀಪವೇ ಇಲ್ಲ ಅಂದರೆ ಕರೆಂಟಿನ ಕಡೆ ನೋಡಬೇಕು. ದೀಪ ಕಿತ್ತಳೆಯಾಗಿದ್ದರೆ ಅಥವಾ ಮಿನುಗುತ್ತಿದ್ದರೆ ಸಾಮಾನ್ಯವಾಗಿ ಮಾನಿಟರ್ ಎದ್ದಿದೆ, ಸಿಗ್ನಲ್ ಬರುತ್ತಿಲ್ಲ. ಕಪ್ಪಿನ ಮೇಲೆ ಬಿಳಿ ಬಾಣ ಓಡಾಡುತ್ತಿದ್ದರೆ ಕೇಬಲ್ ಮುಟ್ಟುವುದೇ ಬೇಡ, ವಿಂಡೋಸ್ ಒಳಗೇ ಏನೋ ಸಿಕ್ಕಿಕೊಂಡಿದೆ. ಟಾರ್ಚ್ ಬಿಟ್ಟು ನೋಡಿದರೆ ಮಸುಕಾಗಿ ಅಕ್ಷರ ಕಂಡರೆ, ಪರದೆಯ ಹಿಂದಿನಿಂದ ಬೆಳಕು ಕೊಡುವ ಬ್ಯಾಕ್‌ಲೈಟ್ ಹೋಗಿದೆ. ಮೊದಲು ನಾನು ಈ ನಾಲ್ಕಕ್ಕೂ "ರೀಸ್ಟಾರ್ಟ್ ಮಾಡಿ" ಅನ್ನುತ್ತಿದ್ದೆ.

ಹೋದ ತಿಂಗಳು ದೊಡ್ಡಪ್ಪನ ಫೋನ್ ಮತ್ತೆ ಬಂತು. ಹಲೋ ಕೂಡ ಇಲ್ಲ.

"ಬರ್ಕೋ. ಅಕ್ಷರ ಮಂಕು. ಮಾನಿಟರ್ ಮೆನುವಿನ ಅಕ್ಷರ ಸ್ಪಷ್ಟ. ಗೋಡೆಯ ಕ್ಯಾಲೆಂಡರ್ ಸ್ಪಷ್ಟ. ನಿನ್ನೆ ಅಕ್ಷರ ದೊಡ್ಡದು ಮಾಡಲು ಹೋಗಿ ಏನೋ ಒತ್ತಿದೆ."

ಕೇಳಬೇಕಾದ್ದು ಏನೂ ಉಳಿದಿರಲಿಲ್ಲ. ರೆಸಲ್ಯೂಶನ್ 1024 × 768ಕ್ಕೆ ಇಳಿಸಿದ್ದರು. ಪರದೆಯಲ್ಲಿರುವ ಚುಕ್ಕಿಗಳೇ 1920 × 1080. ಕಡಿಮೆ ಚುಕ್ಕಿಯ ಚಿತ್ರವನ್ನು ಎಳೆದು ಅಷ್ಟಗಲ ಹರಡಿದರೆ ಅಕ್ಷರ ದೊಡ್ಡದೇನೋ ಆಗುತ್ತದೆ, ಜೊತೆಗೆ ಮಂಕೂ ಆಗುತ್ತದೆ. ಮೊದಲಿನ ಅಳತೆಗೇ ತಂದು, ಸ್ಕೇಲ್ ಅನ್ನುವ ಕಡೆ 150% ಮಾಡಲು ಹೇಳಿದೆ. ಈ ಸಲ ರೈಟ್ ಕ್ಲಿಕ್ ಅನ್ನಲಿಲ್ಲ, "ಮೌಸಿನ ಬಲಗಡೆ ಬಟನ್" ಅಂದೆ. ರೆಸಲ್ಯೂಶನ್ ಬದಲಾಯಿಸಿದ ಕೂಡಲೇ ಇದೇ ಇರಲಾ, ವಾಪಸ್ ಹೋಗಲಾ ಅಂತ ಕೇಳುವ ಪೆಟ್ಟಿಗೆ ಬಂತು.

"ಉತ್ತರ ಹೇಳೋಕೆ 15 ಸೆಕೆಂಡ್ ಕೊಟ್ಟಿದೆ ಕಣೋ" ಅಂದರು ದೊಡ್ಡಪ್ಪ. "ಆವತ್ತು ನೀನು ಇಷ್ಟೂ ಕೊಟ್ಟಿರಲಿಲ್ಲ."